ಹೊನವಾಡದ ಅಂಗಳಕ್ಕೆ ಕರೆಂಟಿನ ಕಾರು

ವಿಜಯಪುರದಿಂದ ಹೊರಟು ಟಿಕೋಟಾ ಹಾದು ಹೊನವಾಡದ ದಾರಿ ಹಿಡಿದವರಿಗೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಎಡಬಲಕ್ಕೆ ಹಬ್ಬಿದ ದ್ರಾಕ್ಷಿ ಪಡಗಳು, ನಡುನಡುವೆ ಮಣೂಕ ಒಣಗಿಸುವ ಶೆಡ್ಡುಗಳು. ಇನ್ನೊಂದು, ಎದುರಿಗೆ ಬರುವ ಗಾಡಿಗಳ ಜಾತಿ. ಹಿಂದೆ ಮುಂದೆ ಜನ ಜೋತುಬಿದ್ದ ಟಂಟಂ, ತಲೆಯ ಮೇಲೆ ಗಂಟುಮೂಟೆ ಹೊತ್ತ ಕ್ರೂಸರ್, ಕಬ್ಬು ಹೇರಿದ ಟ್ರ್ಯಾಕ್ಟರ್, ಔಷಧದ ಡಬ್ಬಿ ಕಟ್ಟಿಕೊಂಡು ತೋಟಕ್ಕೆ ಓಡುವ ಮೋಟರ್ ಸೈಕಲ್. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಕೆಎ 28ರ ಜೊತೆಗೆ ಎಂಎಚ್ 10 ಎಂಬ ಫಲಕಗಳೂ ಧಾರಾಳ. ಇವುಗಳ ನಡುವೆ ಕಾರುಗಳೂ ಇವೆ. ದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಅವುಗಳ ಸಂಖ್ಯೆ ಹೆಚ್ಚುತ್ತದೆ, ಕೆಟ್ಟ ವರ್ಷ ಮಾರಾಟಕ್ಕೆ ನಿಲ್ಲುತ್ತವೆ.

ಈ ದಾರಿಗೆ ಈಗ ಹಸಿರು ಫಲಕದ ಗಾಡಿಗಳ ಮಾತು ಬಂದಿದೆ. ವಿದ್ಯುತ್ ವಾಹನಗಳಿಗೆ ಹಸಿರು ಬಣ್ಣದ ನಂಬರ್ ಪ್ಲೇಟು ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2018ರಲ್ಲಿ. ಚಹಾದಂಗಡಿಯ ಮುಂದೆ ಇಂಥ ಕಾರೊಂದು ನಿಂತರೆ ಸಾಕು, ಪ್ರಶ್ನೆಗಳ ಸುರಿಮಳೆ. ‘ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟ್ ದೂರ ಹೊಕ್ಕೈತ್ರಿ?’ ಎಂಬುದು ಮೊದಲ ಪ್ರಶ್ನೆ. ‘ಹಾದ್ಯಾಗ ನಿಂತ್ರ ಎತ್ತು ಕಟ್ಟಿ ಎಳೀಬೇಕೇನ್ರಿ?’ ಎಂಬುದು ಎರಡನೆಯದು. ಅದಕ್ಕೆ ಎಲ್ಲರೂ ನಗುತ್ತಾರೆ. ಆದರೆ ನಿಜವಾಗಿ ಕೇಳಬೇಕಾದದ್ದು ಮೂರನೆಯ ಪ್ರಶ್ನೆ: ‘ನಮ್ಮ ಮನ್ಯಾಗಿನ ಕರೆಂಟ್ ಇದನ್ನ ತಡೀತೈತೇನ್ರಿ?’

ಪಟ್ಟಣದವರು ಈ ಪ್ರಶ್ನೆ ಕೇಳುವುದು ಕಡಿಮೆ. ಆದ್ದರಿಂದಲೇ ಇರಬೇಕು, ಪಟ್ಟಣದಲ್ಲಿ ಕುಳಿತು ನಿಯಮ ಮಾಡುವವರಿಗೂ ಅದು ಹೊಳೆದಂತಿಲ್ಲ.

ಸರ್ಕಾರ ಆರಿಸಿಕೊಟ್ಟ ಗಾಡಿ

ಯಾವ ಗಾಡಿ ಕೊಳ್ಳಬೇಕೆಂದು ಸರ್ಕಾರ ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಲೈಸೆನ್ಸ್ ಪರ್ಮಿಟ್ ಕಾಲದಲ್ಲಿ ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ಗಾಡಿ ತಯಾರಿಸಬೇಕೆಂಬುದು ದಿಲ್ಲಿಯಲ್ಲಿ ತೀರ್ಮಾನವಾಗುತ್ತಿತ್ತು. ಕಾರೆಂದರೆ ಅಂಬಾಸಿಡರ್ ಇಲ್ಲವೇ ಫಿಯೆಟ್. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು ಈಗಲೂ ನಮ್ಮ ನಡುವೆ ಇದ್ದಾರೆ. ಮಗ ಹುಟ್ಟಿದಾಗ ಹೆಸರು ಹಚ್ಚಿದ ಸ್ಕೂಟರ್ ಅವನು ಶಾಲೆಗೆ ಸೇರಿದ ಮೇಲೆ ಬಂತು ಎಂಬುದು ಆ ದಿನಗಳ ಮಾಮೂಲಿ ಮಾತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅದೂ ಸರ್ಕಾರದ್ದೇ ಕಾರು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲ ಎಂದಾದ ಮೇಲಷ್ಟೇ ಕೊಳ್ಳುವವನಿಗೆ ಆಯ್ಕೆ ಎಂಬುದು ನಿಜವಾಗಿ ದೊರೆತದ್ದು.

ಹಳೆಯ ಪರ್ಮಿಟ್ಟಿನ ಜಾಗಕ್ಕೆ ಈಗ ಹೊಗೆಯ ಲೆಕ್ಕ ಬಂದಿದೆ. ಉದ್ದೇಶ ಒಳ್ಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ. 2017ರ ಏಪ್ರಿಲ್ 1ರಿಂದ ಬಿಎಸ್ 3 ದರ್ಜೆಯ ಹೊಸ ವಾಹನಗಳನ್ನು ಮಾರಕೂಡದೆಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ಕೊನೆಯ ಎರಡು ದಿನ ಅಂಗಡಿಗಳ ಮುಂದೆ ರಿಯಾಯಿತಿ ದರದ ಮೋಟರ್ ಸೈಕಲ್ಲಿಗೆ ಜಾತ್ರೆಯಂತೆ ಜನ ಸೇರಿದ್ದು ಓದುಗರಿಗೆ ನೆನಪಿರಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂತು, ಗಾಡಿಗಳ ಬೆಲೆಯೂ ಏರಿತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಜಿಗಿಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ಹಳೆಯದನ್ನು ಬಿಡಿರಿ, ಹೊಸದನ್ನು ಹಿಡಿಯಿರಿ ಎಂಬ ಸೂಚನೆ ಇದು. ಇನ್ನೂ ಹೊಗೆ ಉಗುಳುವ ಎಂ 80 ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ರೈತನಿಗೆ ಈ ಸೂಚನೆ ಮುಟ್ಟಿದಂತಿಲ್ಲ!

ವಿದ್ಯುತ್ ವಾಹನದ ವಿಷಯದಲ್ಲಂತೂ ಸರ್ಕಾರದ ಧ್ವನಿ ಒಂದೇ ಸಮನೆ ಇರಲಿಲ್ಲ. 2030ರ ಹೊತ್ತಿಗೆ ದೇಶದಲ್ಲಿ ಮಾರಾಟವಾಗುವ ಕಾರುಗಳೆಲ್ಲ ವಿದ್ಯುತ್ತಿನವೇ ಆಗಬೇಕೆಂಬ ಗುರಿಯನ್ನು 2017ರಲ್ಲಿ ಅಂದಿನ ಇಂಧನ ಸಚಿವ ಪೀಯೂಷ್ ಗೋಯಲ್ ಮುಂದಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ವಾಹನ ತಯಾರಕರ ಸಭೆಯಲ್ಲೇ, ನಿಮಗೆ ಇಷ್ಟವಿರಲಿ ಬಿಡಲಿ ಇದನ್ನು ಮಾಡಿಯೇ ತೀರುತ್ತೇನೆ ಎಂಬರ್ಥದಲ್ಲಿ ಗುಡುಗಿದರು. ಮರುವರ್ಷ ಅವರೇ ಪ್ರತ್ಯೇಕ ನೀತಿಯ ಅಗತ್ಯವಿಲ್ಲ ಎಂದರು. 2019ರಲ್ಲಿ ನೀತಿ ಆಯೋಗ ಇನ್ನೊಂದು ಪ್ರಸ್ತಾಪ ತಂದಿತು: 2023ರಿಂದ ಮೂರು ಗಾಲಿಯ ಗಾಡಿಗಳು, 2025ರಿಂದ 150 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳು ವಿದ್ಯುತ್ತಿನವೇ ಆಗಬೇಕು. ಬಜಾಜ್, ಟಿವಿಎಸ್ ಮೊದಲಾದ ಕಂಪನಿಗಳು ಬಲವಾಗಿ ವಿರೋಧಿಸಿದವು. ಪ್ರಸ್ತಾಪ ಕಾನೂನಾಗಲಿಲ್ಲ.

ಗದರಿಕೆ ಫಲಿಸದಿದ್ದಾಗ ಉಳಿಯುವುದು ತೆರಿಗೆಯ ದಾರಿ. ಇದರಲ್ಲಿ ಕರ್ನಾಟಕ ಮುಂದೆ. ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು, 2017ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ರಸ್ತೆ ತೆರಿಗೆಯಿಂದ ಇವುಗಳಿಗೆ ವಿನಾಯಿತಿ ಸಿಕ್ಕಿತ್ತು. ಪೆಟ್ರೋಲ್ ಕಾರಿಗೆ ಬೆಲೆಗನುಗುಣವಾಗಿ ಶೇ 13ರಿಂದ 18ರವರೆಗೆ ಆಜೀವ ತೆರಿಗೆ ಕಟ್ಟುವ ರಾಜ್ಯದಲ್ಲಿ ಇದು ಸಣ್ಣ ಮೊತ್ತವಲ್ಲ. 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ 10ರ ತೆರಿಗೆ ಬಿತ್ತು. ಕೇಂದ್ರವೂ 2019ರ ಆಗಸ್ಟ್‌ನಲ್ಲಿ ವಿದ್ಯುತ್ ವಾಹನದ ಜಿಎಸ್‌ಟಿಯನ್ನು ಶೇ 12ರಿಂದ 5ಕ್ಕೆ ಇಳಿಸಿತು. ಆಗ ಸಣ್ಣ ಪೆಟ್ರೋಲ್ ಕಾರಿನ ಮೇಲಿದ್ದದ್ದು ಶೇ 28 ಮತ್ತು ಅದರ ಮೇಲೊಂದು ಸೆಸ್. 2025ರ ಸೆಪ್ಟೆಂಬರಿನಲ್ಲಿ ಅದೂ ಶೇ 18ಕ್ಕೆ ಇಳಿಯಿತು. ಎಡಗೈಯಿಂದ ವಿದ್ಯುತ್ ಕಾರನ್ನು ಕರೆದ ಸರ್ಕಾರ ಬಲಗೈಯಿಂದ ಪೆಟ್ರೋಲ್ ಕಾರನ್ನೂ ಅಗ್ಗ ಮಾಡಿತು ಎನ್ನಬೇಕಷ್ಟೆ.

ತೆರಿಗೆಯ ಬಲ ಎಂಥದು ಎಂಬುದಕ್ಕೆ ನಮ್ಮ ಬೆಂಗಳೂರಿನ ರೇವಾ ಕಾರೇ ಸಾಕ್ಷಿ. ಚೇತನ್ ಮೈನಿಯವರ ಈ ಪುಟ್ಟ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಆಸುಪಾಸು ಓಟ. ಹುಟ್ಟೂರಿನಲ್ಲಿ ಅದನ್ನು ಕೌತುಕದಿಂದ ನೋಡಿದವರೇ ಹೆಚ್ಚು, ಕೊಂಡವರು ಕಡಿಮೆ. ಆದರೆ 2003ರಲ್ಲಿ ಲಂಡನ್ ನಗರ ತನ್ನ ನಡುಪೇಟೆಗೆ ಬರುವ ಕಾರುಗಳ ಮೇಲೆ ದಿನವಹಿ ಶುಲ್ಕ ಹೇರಿ ವಿದ್ಯುತ್ ಕಾರುಗಳನ್ನು ಬಿಟ್ಟುಕೊಟ್ಟಿತು. ರೇವಾ ಅಲ್ಲಿ ‘ಜಿ ವಿಜ್’ ಎಂಬ ಹೆಸರಿನಲ್ಲಿ ಹೆಸರುವಾಸಿಯಾಯಿತು. ಕಾರು ಅದೇ, ಬದಲಾದದ್ದು ಶುಲ್ಕದ ಚೀಟಿ. ಆ ಪೂರ್ಣ ವಿನಾಯಿತಿಯನ್ನೂ ಲಂಡನ್ 2025ರ ಡಿಸೆಂಬರಿನಲ್ಲಿ ಕೊನೆಗೊಳಿಸಿತು. ರೇವಾ ಕಂಪನಿಯೋ 2010ರಲ್ಲೇ ಮಹೀಂದ್ರಾ ಪಾಲಾಗಿತ್ತು.

ಇಷ್ಟೆಲ್ಲ ದಿಲ್ಲಿ, ಬೆಂಗಳೂರು, ಲಂಡನ್ನಿನ ಮಾತಾಯಿತು. ಹೊನವಾಡಕ್ಕೆ ಬರೋಣ.

ಅಂಗಳ ಇದ್ದವನ ಭಾಗ್ಯ

ಬೆಂಗಳೂರಿನ ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿರುವವನಿಗೆ ವಿದ್ಯುತ್ ಕಾರು ಕೊಳ್ಳುವುದು ಸುಲಭವಲ್ಲ. ಕಾರು ನಿಲ್ಲಿಸುವುದು ಬೀದಿಯಲ್ಲಿ, ಮೀಟರ್ ಇರುವುದು ಮೆಟ್ಟಿಲ ಕೆಳಗೆ, ಪ್ಲಗ್ ಹಾಕಲು ಮನೆ ಮಾಲೀಕರ ಒಪ್ಪಿಗೆ. ಹೊನವಾಡದವನಿಗೆ ಈ ತೊಡಕಿಲ್ಲ. ಸ್ವಂತ ಮನೆ, ಮುಂದೆ ಅಂಗಳ, ಕಟ್ಟೆಯ ಪಕ್ಕ ಕಾರು. ರಾತ್ರಿ ಎತ್ತಿಗೆ ಮೇವು ಹಾಕಿದಂತೆ ಕಾರಿಗೂ ಪ್ಲಗ್ ಚುಚ್ಚಿ ಮಲಗಬಹುದು.

ಅವನ ಓಡಾಟವನ್ನಾದರೂ ನೋಡಿ. ತೋಟಕ್ಕೆ, ಟಿಕೋಟಾದ ತಹಸೀಲ್ದಾರ್ ಕಚೇರಿಗೆ, ವಿಜಯಪುರದ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ. ವಿಜಯಪುರಕ್ಕೆ ಹೋಗಿಬಂದರೂ ನೂರು ಕಿಲೋಮೀಟರ್ ಆಗುವುದಿಲ್ಲ. ಸಣ್ಣ ವಿದ್ಯುತ್ ಕಾರೊಂದರಲ್ಲಿ, ಟಾಟಾ ಟಿಯಾಗೊ ತರಹದ್ದು ಎನ್ನಿ, 24 ಯೂನಿಟ್ ಹಿಡಿಯುವ ಬ್ಯಾಟರಿ ಇರುತ್ತದೆ. ಕಂಪನಿಯ ಕಾಗದದಲ್ಲಿ 300 ಕಿ.ಮೀ. ದಾಟುವ ಲೆಕ್ಕ ನಮ್ಮ ಬಿಸಿಲು, ನಮ್ಮ ರಸ್ತೆ, ಏ.ಸಿ. ಎಲ್ಲ ಸೇರಿ 200ರ ಒಳಗೆ ಬಂದು ನಿಲ್ಲುತ್ತದೆ ಎಂದಿಟ್ಟುಕೊಂಡರೂ ಈ ಓಡಾಟಕ್ಕೆ ಅದು ಧಾರಾಳ ಸಾಕು. ದಾರಿಯಲ್ಲಿ ಚಾರ್ಜಿಂಗ್ ಕೇಂದ್ರ ಹುಡುಕುವ ಪ್ರಮೇಯವೇ ಇಲ್ಲ. ಬೆಂಗಳೂರಿಗೆ ಹೋಗಬೇಕಾದರೆ ಐದುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅದಕ್ಕೆ ರಾತ್ರಿ ಬಸ್ಸೋ ರೈಲೋ ಹೇಗೂ ಇದೆ.

ಅಂದರೆ ವಿದ್ಯುತ್ ಕಾರು ಪಟ್ಟಣದ ಒಡವೆ, ಹಳ್ಳಿಗೆ ಒಗ್ಗದು ಎಂಬ ಮಾತು ಪೂರ್ತಿ ನಿಜವಲ್ಲ. ನಿಗದಿತ ದೂರ, ನಿಗದಿತ ದಾರಿ, ರಾತ್ರಿಯಿಡೀ ನಿಂತಿರುವ ಗಾಡಿ: ಇವು ಮೂರೂ ಕೂಡಿಬರುವುದು ಹೊನವಾಡದಂಥ ಊರಿನಲ್ಲಿಯೇ. ತೊಡಕಿರುವುದು ಅಂಗಳದಲ್ಲಲ್ಲ, ಅಂಗಳಕ್ಕೆ ಬರುವ ತಂತಿಯಲ್ಲಿ ಮತ್ತು ಆ ತಂತಿಯ ಮೇಲಿನ ಕಾನೂನಿನಲ್ಲಿ.

ಇನ್ನೂರು ಯೂನಿಟ್ಟಿನ ಗೆರೆ

ಮೊದಲು ರೊಕ್ಕದ ಲೆಕ್ಕ. ಇಂಥ ಕಾರು ಒಂದು ಯೂನಿಟ್ಟಿಗೆ ಏಳೆಂಟು ಕಿಲೋಮೀಟರ್ ಓಡುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದರೆ ಚಾರ್ಜ್ ಮಾಡುವಾಗ ಸೋರಿಹೋಗುವುದೂ ಸೇರಿ 150 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 900 ರೂಪಾಯಿ. ಅದೇ ದೂರಕ್ಕೆ ಲೀಟರಿಗೆ ಹದಿನಾರು ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಅರವತ್ತು ಲೀಟರಿಗೂ ಹೆಚ್ಚು ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ಆರು ಸಾವಿರ ದಾಟಿತು.

ಆದರೆ ಕರ್ನಾಟಕದಲ್ಲಿ ಗೃಹಜ್ಯೋತಿ ಎಂಬ ಯೋಜನೆ ಇದೆ. 2023ರ ಆಗಸ್ಟ್‌ನಿಂದ ಮನೆಗಳಿಗೆ ಉಚಿತ ವಿದ್ಯುತ್ ಬಂತು. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಕಟ್ಟಿದರು. ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ತಿಂಗಳಿಗೆ 100 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆಗೆ ಕಾರಿನ 150 ಸೇರಿದೊಡನೆ 250 ಆಯಿತು. ಆಗ ಕಾರಿನ 900 ಮಾತ್ರವಲ್ಲ, ಫ್ಯಾನು, ಟಿ.ವಿ., ಫ್ರಿಜ್ಜಿನ 600 ರೂಪಾಯಿಯೂ, ನಿಗದಿತ ಶುಲ್ಕವೂ ತಲೆಯ ಮೇಲೆ. ಹಾಗೆ ನೋಡಿದರೂ ಪೆಟ್ರೋಲಿಗಿಂತ ಅಗ್ಗವೇ. ಆದರೆ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಯಲ್ಲಿ ಒಮ್ಮೆಲೇ ಒಂದೂವರೆ ಸಾವಿರಕ್ಕೂ ಮಿಕ್ಕಿದ ಚೀಟಿ ಬಂದಾಗ ಕಾರು ತಂದವನ ಮೇಲೆ ಮನೆಮಂದಿಯ ಕಣ್ಣು ಬೀಳದೆ ಇರುತ್ತದೆಯೇ?

ವಿದ್ಯುತ್ ಸ್ಕೂಟರಿಗೆ ಈ ಪೇಚು ಇಲ್ಲ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿಸಿದರೂ ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್ ಸಾಕು. ಇನ್ನೂರರ ಗೆರೆ ದಾಟುವುದಿಲ್ಲ. ಒಂದು ಕಡೆ ವಿದ್ಯುತ್ ಕಾರು ಕೊಳ್ಳಿರೆಂದು ತೆರಿಗೆ ಬಿಟ್ಟುಕೊಟ್ಟ ಸರ್ಕಾರವೇ ಇನ್ನೊಂದು ಕಡೆ ಅದನ್ನು ಮನೆಯ ಪ್ಲಗ್ಗಿಗೆ ಹಚ್ಚಿದರೆ ಉಚಿತ ಕರೆಂಟು ಕಿತ್ತುಕೊಳ್ಳುವಂತೆ ಗೆರೆ ಎಳೆದಿದೆ. ಇದು ಯಾರೋ ಯೋಚಿಸಿ ಮಾಡಿದ್ದಲ್ಲ. ಸಾರಿಗೆಯವರು ಒಂದು ಕಾಗದ, ಇಂಧನದವರು ಇನ್ನೊಂದು ಕಾಗದ ಬರೆದರು, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದವರಿಲ್ಲ ಎಂದೇ ಕಾಣುತ್ತದೆ. ವಾಹನ ಚಾರ್ಜಿಂಗಿಗೆ ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಪ್ರತ್ಯೇಕ ದರವೇ ಇದೆ. ಮನೆಯ ಮೀಟರಿನ ಪಕ್ಕ ಕಾರಿಗೊಂದು ಬೇರೆ ಮೀಟರ್ ಕೂಡಿಸುವುದನ್ನು ಹಳ್ಳಿಹಳ್ಳಿಗೂ ಸರಳಗೊಳಿಸಿದರೆ ಈ ಗಂಟು ಬಿಚ್ಚೀತು.

ತೋಟದ ವಸ್ತಿ, ಟಿ.ಸಿ. ಮತ್ತು ಕಂಡೆನ್ಸರ್

ಈ ಸೀಮೆಯಲ್ಲಿ ಊರೊಳಗೆ ಇರುವವರಷ್ಟೇ ಜನ ತೋಟದ ವಸ್ತಿಗಳಲ್ಲಿ ಇದ್ದಾರೆಂದರೆ ತಪ್ಪಾಗದು. ದ್ರಾಕ್ಷಿ ಎಂದರೆ ಕೂಸನ್ನು ಸಾಕಿದ ಹಾಗೆ. ಚಾಟಣಿ, ಔಷಧ, ನೀರು ಎಂದು ವರ್ಷವಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಕಾರು ಕೊಳ್ಳುವ ತಾಕತ್ತು ಇರುವವನ ಮನೆಯೂ ಬಹುತೇಕ ತೋಟದಲ್ಲೇ.

ಊರಿಗೆ ಬರುವ ವಿದ್ಯುತ್ ಮಾರ್ಗ ಬೇರೆ, ತೋಟದ ಮಾರ್ಗ ಬೇರೆ. ನಿರಂತರ ಜ್ಯೋತಿ ಯೋಜನೆ ಊರಿನ ಮನೆಗಳಿಗೆ ಪ್ರತ್ಯೇಕ ಫೀಡರ್ ಕೊಟ್ಟಿತು. ತೋಟಕ್ಕೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಅದು ಪಂಪ್‌ಸೆಟ್ಟಿಗೆ. ರಾತ್ರಿ ತೋಟದ ಮನೆಗೆ ಸಿಗುವುದು ಒಂಟಿ ಫೇಸಿನ ಕರೆಂಟು, ಅದೂ ದೀಪ ಬೆಳಗಲೆಂದು. ಅದಕ್ಕೇ ಕಂಡೆನ್ಸರ್ ಹಚ್ಚಿ ಮೋಟರ್ ಓಡಿಸುವವರು ಇದ್ದೇ ಇದ್ದಾರೆ. ಅವರು ಗುಂಡಿ ಒತ್ತಿದೊಡನೆ ಪಕ್ಕದ ವಸ್ತಿಯ ದೀಪ ಕೆಂಪಗಾಗುತ್ತದೆ. ಅಂಥ ತಂತಿಗೆ ಕಾರು ಹಚ್ಚಿದರೆ ಅದು ಚಾರ್ಜ್ ಮಾಡಿಕೊಳ್ಳಲು ಒಪ್ಪುವುದೇ ಅನುಮಾನ. ವೋಲ್ಟೇಜ್ ಬಿದ್ದರೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರಿನ ಚಾರ್ಜರು ತಾನೇ ನಿಂತುಬಿಡುವಂತೆ ಮಾಡಿರುತ್ತಾರೆ.

ಹಾಗಾದರೆ ಹಗಲು ತ್ರೀ ಫೇಸ್ ಬಂದಾಗ ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದಲೇ ಎಳೆದುಕೊಂಡರಾಯಿತಲ್ಲ ಎಂದು ಚಾಣಾಕ್ಷರು ಕೇಳಬಹುದು. ಕೂಡದು. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ವಿದ್ಯುತ್ ಕೊಡುವುದು ನೀರೆತ್ತಲು. ಅದನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಆ ಕೆಲಸಕ್ಕೆ ಅನ್ವಯಿಸುವ ದರದ ಎರಡರಷ್ಟು ವಸೂಲಿ. ನೀರೆತ್ತುವ ಮೋಟರಿಗೆ ಬಿಟ್ಟಿ, ಮಾಲು ಹೊರುವ ಮೋಟರಿಗೆ ದಂಡ.

ಊರೊಳಗಿನ ಮನೆಗಾದರೂ ನಿರಾಳವಿಲ್ಲ. ಹಳೆಯ ಮನೆಗಳ ಮಂಜೂರಾದ ಲೋಡು ಒಂದು ಕಿಲೋವ್ಯಾಟ್ ಆಸುಪಾಸು. ಸಾಧಾರಣ ಮನೆ ಚಾರ್ಜರು ಎಳೆಯುವುದು 3.3 ಕಿಲೋವ್ಯಾಟ್, ಎಂಟೊಂಬತ್ತು ತಾಸು ಸತತವಾಗಿ. ಹೆಸ್ಕಾಂಗೆ ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊಳ್ಳಬೇಕು, ಮನೆಯ ವೈರಿಂಗ್ ಬದಲಿಸಬೇಕು. ಒಬ್ಬ ಮಾಡಿಕೊಂಡ ಎನ್ನೋಣ. ಓಣಿಯಲ್ಲಿ ಎಂಟು ಮಂದಿ ಮಾಡಿಕೊಂಡರೆ? ಎಂಟು ಕಾರುಗಳು ರಾತ್ರಿ ಹತ್ತಕ್ಕೆ ಒಟ್ಟಿಗೆ ಚಾರ್ಜಿಗೆ ನಿಂತರೆ 26 ಕಿಲೋವ್ಯಾಟ್ ದಾಟಿತು. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ 25 ಕೆ.ವಿ.ಎ. ಟಿ.ಸಿ. ಅಷ್ಟಕ್ಕೇ ಸುಟ್ಟೀತು. ಟಿ.ಸಿ. ಸುಟ್ಟರೆ ಹೊಸದು ಬರುವವರೆಗೆ ಓಣಿಯವರು ಪಡುವ ಪಾಡನ್ನು ಬೇಸಿಗೆಯಲ್ಲಿ ಈ ಕಡೆ ಬಂದವರಿಗೆ ವಿವರಿಸಿ ಹೇಳಬೇಕಿಲ್ಲ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಜಿಲ್ಲೆ ಇದು. ಲಿಥಿಯಂ ಬ್ಯಾಟರಿಗೆ ಉಷ್ಣ ಆಗಿಬರುವುದಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಗೊಳಿಸಿತು. ಇಂಥ ಕಟ್ಟಳೆಗೆ ಯಾರೂ ತಕರಾರು ಎತ್ತಲಾರರು. ಕಾರುಗಳ ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷದ ಗ್ಯಾರಂಟಿ ಇರುತ್ತದೆ. ಎಂಟು ವರ್ಷವಾದ ಮೇಲೆ ಅದನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಹಳೆ ಗಾಡಿ ವ್ಯಾಪಾರಿಗಳು ಈಗಲೂ ತಲೆ ಕೆರೆದುಕೊಳ್ಳುತ್ತಾರೆ.

ಕಾರಿಗಿಂತ ಟಂಟಂ

ಹೊನವಾಡದ ದಾರಿಯಲ್ಲಿ ಹೆಚ್ಚು ಹೊಗೆ ಬಿಡುವುದು ಕಾರಲ್ಲ. ದಿನವಿಡೀ ಅದೇ ಇಪ್ಪತ್ತು ಮೂವತ್ತು ಕಿಲೋಮೀಟರ್ ದಾರಿಯಲ್ಲಿ ಹೋಗಿಬರುವ ಟಂಟಂ. ವಿದ್ಯುತ್ತಿಗೆ ಹೇಳಿ ಮಾಡಿಸಿದ ಗಾಡಿ ಇದ್ದರೆ ಅದು. ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್ಟೇ ಬೇಡವೆಂದು ಕೇಂದ್ರ 2018ರಲ್ಲೇ ಹೇಳಿದೆ. ಚಾಲಕನ ತೊಡಕು ಬೇರೆ ಬಗೆಯದು. ಅವನು ಮಧ್ಯಾಹ್ನ ಎರಡು ತಾಸು ನಿಲ್ಲುವುದು ವಿಜಯಪುರದ ಸ್ಟ್ಯಾಂಡಿನಲ್ಲಿ ಅಥವಾ ಟಿಕೋಟಾದ ಸರ್ಕಲಿನಲ್ಲಿ. ಅಲ್ಲಿ ಅವನಿಗೊಂದು ಪ್ಲಗ್ ಬೇಕು. ರಾಜ್ಯದಲ್ಲಿ ಚಾರ್ಜಿಂಗ್ ಕೇಂದ್ರಗಳು ಹೆಚ್ಚು ಎದ್ದಿರುವುದು ಬೆಂಗಳೂರಿನಲ್ಲಿ, ಅದೂ ಕಾರುಗಳನ್ನು ಕಣ್ಣ ಮುಂದಿಟ್ಟುಕೊಂಡು.

ಕ್ರೂಸರಿನದು ಇನ್ನೊಂದು ಕತೆ. ಮದುವೆಗೆ, ಪಂಢರಪುರಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹತ್ತು ಹದಿಮೂರು ಜನ ಒಟ್ಟಿಗೆ ಹೊರಡುವ ಗಾಡಿ ಅದು. ಅದರ ಕೆಲಸವನ್ನು ಅಷ್ಟೇ ಬೆಲೆಗೆ ಮಾಡುವ ವಿದ್ಯುತ್ ಗಾಡಿ ಹಳ್ಳಿಯವರ ಕೈಗೆ ಎಟಕುವಂತಿಲ್ಲ. ಡೀಸೆಲ್ ಗಾಡಿಗಳನ್ನೇ ನಿಲ್ಲಿಸಿಬಿಡಿ ಎನ್ನುವವರು ಈ ಹದಿಮೂರು ಜನ ಯಾವುದರಲ್ಲಿ ಹೋಗಬೇಕೆಂದೂ ಹೇಳಬೇಕಾಗುತ್ತದೆ.

ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಇದೇ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಕೇಂದ್ರವಿದೆ. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಕೃಷ್ಣೆಯದು. ರಾತ್ರಿ ಕಾರು ಚಾರ್ಜಿಗೆ ನಿಂತರೆ ಬೆಂಗಳೂರಿನ ಹೊಗೆ ಕಡಿಮೆಯಾಗಿ ನಮ್ಮ ಜಿಲ್ಲೆಯಲ್ಲಿ ಬೂದಿ ಹೆಚ್ಚಾದೀತು ಎಂದು ಯಾರಾದರೂ ಗೊಣಗಿದರೆ ಅವರನ್ನು ಸುಮ್ಮನಾಗಿಸುವುದು ಕಷ್ಟ. ಹಗಲಿನಲ್ಲಿ ಮಾತ್ರ ಚಿತ್ರ ಬೇರೆ. ಬಿಸಿಲಿಗೆ ಇಲ್ಲಿ ಬರವಿಲ್ಲ, ಮಾಳಿಗೆ ಮನೆಗಳಿಗೂ ಕೊರತೆಯಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಅಷ್ಟು ಫಲಕ ದಿನಕ್ಕೆ ಹತ್ತು ಹನ್ನೆರಡು ಯೂನಿಟ್ ಕೊಡುತ್ತದೆ. ಕಾರಿನ ತಿಂಗಳ ಹಸಿವಿಗೆ ಅದರ ಅರ್ಧ ಸಾಕು. ಮಣೂಕವನ್ನು ಶೆಡ್ಡಿನಲ್ಲಿ ಹಾಕಿ ಒಣಗಿಸಿ ಬದುಕು ಕಟ್ಟಿಕೊಂಡವರಿಗೆ ಮಾಳಿಗೆಯ ಮೇಲೆ ಬಿಸಿಲು ಹಿಡಿಯುವುದನ್ನು ಹೊಸದಾಗಿ ಕಲಿಸಬೇಕೆ?

ಈ ವರ್ಷ ದ್ರಾಕ್ಷಿಯ ದುಡ್ಡು ಕೈಗೆ ಬಂದು ವಿದ್ಯುತ್ ಕಾರಿನ ಆಸೆ ಹುಟ್ಟಿದವರು ವಿಜಯಪುರದ ಶೋರೂಮಿಗೆ ಹೋಗುವ ಮೊದಲು ಹೆಸ್ಕಾಂ ಶಾಖಾ ಕಚೇರಿಗೆ ಹೋಗುವುದು ಮೇಲು. ಕೇಳಬೇಕಾದದ್ದು ಮೂರೇ ಮಾತು. ನನ್ನ ಮನೆಯ ಮಂಜೂರಾದ ಲೋಡು ಎಷ್ಟು? ನಮ್ಮ ಓಣಿಯ ಟಿ.ಸಿ. ಎಷ್ಟು ಕೆ.ವಿ.ಎ. ಮತ್ತು ಅದರ ಮೇಲೆ ಈಗಾಗಲೇ ಎಷ್ಟು ಮನೆ ಕೂತಿವೆ? ಕಾರಿಗೆ ಪ್ರತ್ಯೇಕ ಮೀಟರ್ ಕೊಡುತ್ತೀರಾ, ಕೊಟ್ಟರೆ ಎಷ್ಟು ದಿನದಲ್ಲಿ? ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ, ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ತೋಟದ ವಸ್ತಿಯವರಾದರೆ ಅದೇ ದಿನ ಮಾಳಿಗೆಯ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.